ಉತಾರದಲ್ಲಿ ನಿಮ್ಮದೊಂದೇ ಹೆಸರು, ಸಾಹೇಬರೇ

ಇವರಿಗೆ: ಶ್ರೀ ರಾಜಾ ರವಿವರ್ಮ ಸಾಹೇಬರು, ಮೂಲ ವಾಸ ಕಿಳಿಮಾನೂರು, ಹಾಲಿ ವಾಸ ಎಲ್ಲರ ಮನೆಯ ದೇವರ ಜಗಲಿ.

ಇಂದ: ಮು. ಪೋ. ಐಗಳಿ, ತಾ. ಅಥಣಿ, ಜಿ. ಬೆಳಗಾವಿ.

ವಿಷಯ: ತಮ್ಮ ಹೆಸರಿನಲ್ಲಿ ತಪ್ಪಾಗಿ ದಾಖಲಾದ ಚಿತ್ರಗಳನ್ನು ಖರೇ ಮಾಲಕರ ಹೆಸರಿಗೆ ಮಾಡಿಕೊಡುವ ಕುರಿತು.



ತಮಗೆ ನಮ್ಮ ಊರು ಗೊತ್ತಿರಲಿಕ್ಕಿಲ್ಲ. ಅಥಣಿ ದಾಟಿ ವಿಜಯಪುರದ ದಾರಿ ಹಿಡಿದರೆ ಐಗಳಿ ಕ್ರಾಸ್ ಬರುತ್ತದೆ. ಕೃಷ್ಣೆ ಹರಿಯುವುದು ನಮ್ಮದೇ ತಾಲೂಕಿನಲ್ಲಿ, ಆದರೆ ನಾವು ಹೊಳೆದಂಡೆಯವರಲ್ಲ. ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ, ಮಣೂಕ ಮಾಡಿ ಪೇಟೆಗೆ ಕಳಿಸುವ ಜನ. ತಾವು ತಿರುವಾಂಕೂರು, ಬಡೋದೆ, ಮೈಸೂರಿನ ಅರಮನೆಗಳಲ್ಲಿ ಓಡಾಡಿದವರು. ಮಣೂಕದ ಶೆಡ್ಡಿನ ಹತ್ತಿರ ತಮಗೇನು ಕೆಲಸ? ಆದರೂ ತಮ್ಮ ಆಸ್ತಿ ಇಲ್ಲಿ ಮನೆಮನೆಗೂ ಇದೆ. ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿ, ರಾಮ ಪಟ್ಟಾಭಿಷೇಕ, ಶಿವ ಪಾರ್ವತಿ, ಯಾವುದನ್ನೇ ತೋರಿಸಿ "ಇದು ಯಾರು ತೆಗದದ್ದರಿ?" ಎಂದು ಕೇಳಿ ನೋಡಿ. ಸ್ವಲ್ಪ ಓದಿಕೊಂಡವರಾದರೆ ತಡವಿಲ್ಲದೆ ಹೇಳುತ್ತಾರೆ: "ಮತ್ಯಾರರಿ, ರವಿವರ್ಮಾಂದು." ಓದಿಕೊಳ್ಳದವರು "ಅದು ದೇವರ ಫೋಟೋ ರೀ" ಎಂದು ಸುಮ್ಮನಾಗುತ್ತಾರೆ. ಎರಡನೆಯವರ ಉತ್ತರದಲ್ಲಿ ತಪ್ಪು ಕಡಿಮೆ.

ಹೊಲ ಗೇಯುವವನೊಬ್ಬ, ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರು ಮತ್ತೊಬ್ಬನದು, ಇಂಥ ತಕರಾರು ನಮ್ಮ ಕಡೆ ಹೊಸದಲ್ಲ. ತಲಾಟಿಯ ಕಚೇರಿ ಕಟ್ಟೆ ಸವೆದಿರುವುದೇ ಇದರಿಂದ. ತಮ್ಮ ಉತಾರವನ್ನೂ ತೆಗೆಸಿ ನೋಡಿದೆ. ಬಹಳ ಉದ್ದವಿದೆ. ಬುಧಗ್ರಹದ ಮೇಲೂ ತಮ್ಮ ಹೆಸರಿನಲ್ಲಿ ಒಂದು ಕುಳಿ ಇದೆ, 2013ರಲ್ಲಿ ಖಗೋಳದವರು ಅಧಿಕೃತವಾಗಿ ಬರೆದುಕೊಟ್ಟದ್ದು. ಅಲ್ಲಿ ದ್ರಾಕ್ಷಿ ಬರುವುದಿಲ್ಲವಾದ್ದರಿಂದ ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಭೂಮಿಯ ಮೇಲಿನ ಆಸ್ತಿಯ ಬಗ್ಗೆ.

ಮೊದಲನೆಯದು, ದೀಪ ಹಿಡಿದ ಹೆಣ್ಣುಮಗಳು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇರುವ ಆ ಚಿತ್ರ. ಶಾಲೆಯ ಟ್ರಿಪ್ಪಿಗೆ ಹೋದ ನಮ್ಮ ಹುಡುಗರು ಮೃಗಾಲಯದ ಜಿರಾಫೆ ಬಿಟ್ಟರೆ ನೆನಪಿಟ್ಟುಕೊಂಡು ಬರುವುದು ಅದನ್ನೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿನಿಂದ ಬೆಳಕು ಕೆಂಪಗೆ ಸೋಸಿ ಮುಖಕ್ಕೆ ಬೀಳುತ್ತದೆ. ವರ್ಷಗಟ್ಟಲೆ ಜನ ಅದನ್ನು 'ರವಿವರ್ಮಾಂದು' ಎಂದೇ ನಂಬಿದ್ದಾರೆ, ಈಗಲೂ ಮೊಬೈಲಿನಲ್ಲಿ ಹಾಗೆಂದೇ ಕಳಿಸುತ್ತಾರೆ. ಸಾಹೇಬರೇ, ತಾವು ತೀರಿಕೊಂಡದ್ದು 1906ರಲ್ಲಿ. ಆ ಚಿತ್ರ ಬರೆದದ್ದು 1945-46ರ ಸುಮಾರಿಗೆ. ನಮ್ಮ ಕಡೆ ಸತ್ತವರ ಹೆಬ್ಬೆಟ್ಟು ಒತ್ತಿಸಿಕೊಂಡ ಖರೀದಿಪತ್ರಗಳ ಕಥೆ ಕೇಳಿದ್ದೇವೆ, ಆದರೆ ನಾಲ್ವತ್ತು ವರ್ಷದ ಮೇಲೆ ಎದ್ದು ಬಂದು ಕುಂಚ ಹಿಡಿದವರನ್ನು ಕಂಡಿರಲಿಲ್ಲ.

ಅದರ ಖರೇ ಮಾಲಕ ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಳದಣಕರ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಸ್ವಂತ ಚಿತ್ರಶಾಲೆ ನಡೆಸಿದವರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಮುಂದೆ ಆಕೆ ಬಾಳಿದ್ದು ಕೊಲ್ಲಾಪುರದಲ್ಲಿ, ಅಂದರೆ ನಮ್ಮವರು ಅಂಬಾಬಾಯಿಯ ದರ್ಶನಕ್ಕೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬರುವ ಊರಿನಲ್ಲಿ. 2018ರಲ್ಲಿ, 102ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಚಿತ್ರದೊಳಗಿನ ಹೆಣ್ಣುಮಗಳು ಅಷ್ಟು ಸಮೀಪ, ಅಷ್ಟು ವರ್ಷ, ಜೀವಂತ ಇದ್ದರೂ ನಾವು ಆಕೆಯನ್ನು ಕೇರಳದ ಯಾವುದೋ ರಾಜಕುಮಾರಿ ಮಾಡಿ ಕೂತಿದ್ದೆವು. ಇನ್ನೊಂದು ಮಾತು: ಅದು ಎಣ್ಣೆಬಣ್ಣವಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಮೇಲೆ ಮತ್ತೊಂದು ಪದರ ಹಚ್ಚಿ ಮುಚ್ಚಬಹುದು. ಜಲವರ್ಣದಲ್ಲಿ ಬೆಳಕು ಎಂದರೆ ಹಾಳೆಯ ಬಿಳುಪು. ಅದನ್ನು ಮೊದಲೇ ಉಳಿಸಿಕೊಳ್ಳಬೇಕು, ಕಳೆದರೆ ಹೋಯಿತು. ತಮ್ಮ ರೇಷ್ಮೆ ಸೀರೆಯ ಮಡಿಕೆ, ಮುತ್ತಿನ ಹೊಳಪಿಗೆ ನಾನು ತಲೆಬಾಗುವವನು. ಆದರೆ ಈ ಬೆರಳ ಸಂದಿನ ಬೆಳಕು ನಾನು ಕಂಡ ತಮ್ಮ ಯಾವ ಚಿತ್ರದಲ್ಲೂ ಇಲ್ಲ. ಆದ್ದರಿಂದ ಇದನ್ನು ಮೊದಲು ಬಿಟ್ಟುಕೊಡಿ.

ಮೈಸೂರಿನಲ್ಲಿ ತಮ್ಮದು ಏನೂ ಇಲ್ಲವೆಂದು ಯಾರೂ ಹೇಳುತ್ತಿಲ್ಲ. 1885ರಲ್ಲಿ ಚಾಮರಾಜೇಂದ್ರ ಒಡೆಯರು ಕರೆಸಿ ಮನೆತನದವರ ಚಿತ್ರ ಬರೆಸಿದರು, ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ಬರೆದಿರಿ. ಅವು ತಮ್ಮವೇ. ತಮ್ಮವೇ ಎನ್ನುವುದಕ್ಕೂ ಸಣ್ಣ ತಕರಾರೊಂದಿದೆ, ಬೇಜಾರು ಮಾಡಿಕೊಳ್ಳಬಾರದು. ತಮ್ಮ ತಮ್ಮನವರಾದ ಸಿ. ರಾಜರಾಜವರ್ಮ ಅವರು ಊರೂರು ತಮ್ಮ ಜೊತೆ ತಿರುಗಿ, ಎಷ್ಟೋ ಚಿತ್ರಗಳ ಹಿಂದಿನ ಗಿಡ, ಗುಡ್ಡ, ಮುಗಿಲು ಬರೆದವರು. ಅವರೇ ಒಳ್ಳೆಯ ನಿಸರ್ಗ ಚಿತ್ರಕಾರರು, ದಿನಚರಿಯನ್ನೂ ಬರೆದಿಟ್ಟರು. ಮುಂದೆ ನಿಂತ ನಾಯಕಿ ಅಣ್ಣನದು, ಹಿಂದಿನ ಗುಡ್ಡ ತಮ್ಮನದು. ಅಣ್ಣತಮ್ಮಂದಿರ ಪಾಲು ಆಗದ ಹೊಲವನ್ನು ಒಬ್ಬನ ಹೆಸರಿಗೆ ಬರೆಸಿಕೊಂಡದ್ದು ನಮ್ಮ ತಾಲೂಕಿನಲ್ಲಿ ಆಗಿದ್ದರೆ ಮೂರು ತಲೆಮಾರು ಕೋರ್ಟಿನಲ್ಲಿ ಕಳೆಯುತ್ತಿತ್ತು.

ಇನ್ನು ತಮ್ಮ ಹೆಸರಿನ ಹಿಂದಿನ 'ರಾಜಾ'. 1904ರಲ್ಲಿ ಬ್ರಿಟಿಷರು ಕೈಸರ್-ಇ-ಹಿಂದ್ ಪದಕ ಕೊಡುವಾಗ ಕಾಗದದಲ್ಲಿ ಹಾಗೆ ಬರೆದರು, ಉಳಿದುಕೊಂಡಿತು. ದಾಖಲೆಯಲ್ಲಿ ಒಮ್ಮೆ ಏರಿದ್ದು ಇಳಿಯುವುದಿಲ್ಲ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಈಗ ಮುಖ್ಯ ಗಂಟು, ಪ್ರೆಸ್ಸು. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದಿರಿ. ಯಂತ್ರ ಜರ್ಮನಿಯದು, ತಂತ್ರಜ್ಞರೂ ಅಲ್ಲಿಯವರೇ. ತಮ್ಮ ಎಣ್ಣೆಚಿತ್ರವನ್ನು ಎದುರಿಗಿಟ್ಟುಕೊಂಡು ಕಲ್ಲಿನ ಕೆಲಸಗಾರ ಅದರ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಕಲ್ಲಿನ ಮೇಲೆ, ಎಡವನ್ನು ಬಲ ಮಾಡಿ, ಮತ್ತೆ ಬರೆಯಬೇಕು. ಒಂದೇ ಹಾಳೆ ಕಲ್ಲಿನಿಂದ ಕಲ್ಲಿಗೆ ಸಾಗಿ, ಬಣ್ಣದ ಮೇಲೆ ಬಣ್ಣ ಕೂತು, ಕೊನೆಗೆ ವಾರ್ನಿಶ್ ಹಚ್ಚಿದ ಮೇಲೆ ಲಕ್ಷ್ಮಿ ಸಿದ್ಧ. ಕಲ್ಲು ಸ್ವಲ್ಪ ಸರಿದರೆ ದೇವಿಯ ತುಟಿ ಗಲ್ಲಕ್ಕೆ ಹೋಗುತ್ತಿತ್ತು. ನಮ್ಮ ಅಜ್ಜಿಯರು ಕೈಮುಗಿದ ಲಕ್ಷ್ಮಿಯ ಕಣ್ಣನ್ನು ಬರೆದದ್ದು ತಮ್ಮ ಕೈಯಲ್ಲ, ಆ ಕಲ್ಲಿನ ಮುಂದೆ ಬೆನ್ನು ಬಗ್ಗಿಸಿ ಕೂತವನದು. ಅವನ ಹೆಸರು ಹಾಳೆಯ ಮೇಲೆ ಇಲ್ಲ. ಪ್ಲೇಗು ಬಂತು, ಸಾಲ ಬೆಳೆಯಿತು, ಪ್ರೆಸ್ಸು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು, ಕೊನೆಗೆ ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿ ಕೈತೊಳೆದುಕೊಂಡಿರಿ. ಆದರೆ ಹೆಸರನ್ನು ಅವನು ಬಿಡಲಿಲ್ಲ. ವ್ಯಾಪಾರಿ, ಬಿಡುವುದುಂಟೇ! ತಾವು ಹೋದ ಮೇಲೂ ದಶಕಗಟ್ಟಲೆ 'ರವಿವರ್ಮಾ ಪ್ರೆಸ್' ಎಂದು ಅಚ್ಚಾದ ಹಾಳೆಗಳಲ್ಲಿ ಬೇರೆಯವರು ಬರೆದವು ಎಷ್ಟೋ. ಕೊಲ್ಲಾಪುರದಲ್ಲಿಯೇ ಹುಟ್ಟಿದ ಎಂ. ವಿ. ಧುರಂಧರ ಅವರೂ ಆ ಪ್ರೆಸ್ಸಿಗೆ ಬರೆದುಕೊಟ್ಟವರು. 1972ರಲ್ಲಿ ಬೆಂಕಿ ಬಿದ್ದು ಕಾರಖಾನೆ ಸುಟ್ಟಿತು. ಹೆಸರು ಮಾತ್ರ ಸುಡಲಿಲ್ಲ.

ಹೆಂಗಸರ ಪಾಲೂ ಒಂದಿದೆ. ಎಷ್ಟೋ ಮನೆಗಳಲ್ಲಿ ಅಚ್ಚಿನ ದೇವಿಗೆ ಜರಿ ಅಂಟಿಸಿ, ಚಮಕಿ ಕೂಡಿಸಿ, ಬಟ್ಟೆಯ ಸೀರೆ ಉಡಿಸಿ ಮತ್ತೆ ಕಟ್ಟು ಹಾಕಿಸುತ್ತಿದ್ದರು. ತಮ್ಮ ಚಿತ್ರ ಕೆಳಗೆ, ಅವರ ಕಸೂತಿ ಮೇಲೆ. ಕಾಣುವುದು ಅವರದೇ.

ತಮ್ಮ ನಂತರದ ಕ್ಯಾಲೆಂಡರಿನ ದೇವರುಗಳೂ ತಮ್ಮ ಖಾತೆಯಲ್ಲೇ ಸೇರಿಕೊಂಡಿದ್ದಾರೆ. ಮೈಕಟ್ಟು ಗಟ್ಟಿಯಾಗಿರುವ, ಸಿನಿಮಾದ ಬೆಳಕಿನಲ್ಲಿ ನಿಂತಂತಿರುವ ರಾಮ, ಕರ್ಣ, ಶಿವರನ್ನು ಬರೆದವರು ನಮ್ಮ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್. ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿಗೆ ಬಂದರು. ಕನ್ಯಾಕುಮಾರಿಯ ಬಂಡೆಯ ಮೇಲಿನ ವಿವೇಕಾನಂದರನ್ನೂ ಬರೆದರು. ಮೂಲೆಯಲ್ಲಿ ಸಹಿ ದಪ್ಪಗೆ ಇರುತ್ತದೆ. ಆದರೆ ಕಟ್ಟು ಹಾಕುವವನು ಚೌಕಟ್ಟಿಗೆ ಹೊಂದಿಸಲು ಮೊದಲು ಕತ್ತರಿಸುವುದು ಆ ಮೂಲೆಯನ್ನೇ! ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅಲ್ಲಿ ನಾಟಕ ನೋಡಿ ಬಂದವರನ್ನು ಅವರ ಒಂದು ಚಿತ್ರ ಹೇಳಿರಿ ಎಂದರೆ ಬಹುತೇಕರು ಸೀಟಿನ ಬಗ್ಗೆ ಮಾತಾಡುತ್ತಾರೆ. ಗೋವೆಯ ಮೂಲದ ರಘುವೀರ ಮುಳಗಾಂವಕರ, ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು, ಇವರ ಪಾಡೂ ಅದೇ.

ಎಲ್ಲಕ್ಕಿಂತ ನನಗೆ ಸಂಕಟವಾಗುವುದು ನಾಟಕದ ಪರದೆಗಳ ಬಗ್ಗೆ. ಕೇಶವರಾವ್ ಭೋಸಲೆ ಅವರು ಲಲಿತಕಲಾದರ್ಶ ನಾಟಕ ಮಂಡಳಿ ಕಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಅಂಥ ಮಂಡಳಿಗಳಿಗೆ ಪರದೆ ಬರೆದವರು ಕೊಲ್ಲಾಪುರದ ಆನಂದರಾವ್ ಮತ್ತು ಬಾಬುರಾವ್ ಎಂಬ ಮೇಸ್ತ್ರಿ ಮನೆತನದ ಸೋದರ ಸಂಬಂಧಿಗಳು. ಊರು ಅವರಿಗೆ 'ಪೇಂಟರ್' ಎಂದೇ ಅಡ್ಡಹೆಸರು ಕೊಟ್ಟಿತು. ಚಪ್ಪಟೆ ಬಟ್ಟೆಯ ಮೇಲೆ ಕಂಬದ ಹಿಂದೆ ಕಂಬ, ಬಾಗಿಲ ಹಿಂದೆ ಬಾಗಿಲು ಬರೆದು, ಕಂದೀಲಿನ ಬೆಳಕಿನಲ್ಲಿ ಕೂತವನಿಗೆ ಅರಮನೆಯೊಳಗೆ ನಡೆದುಹೋಗಬಹುದು ಅನ್ನಿಸಬೇಕು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ಸ್ವಂತ ಕ್ಯಾಮೆರಾ ಮಾಡಿಕೊಂಡು 1920ರಲ್ಲಿ 'ಸೈರಂಧ್ರಿ', 1925ರಲ್ಲಿ 'ಸಾವಕಾರಿ ಪಾಶ' ತೆಗೆದರು. ಸಿನಿಮಾದಿಂದ ಅವರ ಹೆಸರು ಉಳಿಯಿತು. ಬರೀ ಪರದೆಯನ್ನೇ ಬರೆದುಕೊಂಡು ಉಳಿದವರ ಗತಿ? ನಮ್ಮ ಹಳ್ಳಿಯ ನಾಟಕಗಳಿಗೆ ಬಾಡಿಗೆಗೆ ಬರುತ್ತಿದ್ದ ಅರಮನೆ ಪರದೆ, ಅಡವಿ ಪರದೆ, ರಸ್ತೆ ಪರದೆ. ಹ್ಯಾಂಡ್‌ಬಿಲ್ಲಿನಲ್ಲಿ ಹಾರ್ಮೋನಿಯಂ ಮಾಸ್ತರರ ಹೆಸರಿತ್ತು, ತಬಲಾದವನ ಹೆಸರಿತ್ತು, ಸೀನರಿ ಕೊಟ್ಟ ಬಾಡಿಗೆ ಮಾಲಕನ ಹೆಸರಿತ್ತು. ಬರೆದವನ ಹೆಸರಿಲ್ಲ. ಸದ್ಯ ಅವುಗಳನ್ನಾದರೂ ಯಾರೂ 'ರವಿವರ್ಮಾಂದು' ಎನ್ನಲಿಲ್ಲ. ಬಿಸಿಲು, ಇಲಿ, ಮಳೆ ಅವನ್ನು ತೆಗೆದುಕೊಂಡವು.

ಹಿಂದಿನವರು ನಮಗಿಂತ ವಾಸಿಯಾಗಿದ್ದರೋ ಇಲ್ಲವೋ ನೋಡೋಣವೆಂದು ಇನ್ನೂ ಆಚೆ ಹೋದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ, 578ರದು. ಗುಹೆ ಮಾಡಿಸಿದವನ ಹೆಸರು, ಅಣ್ಣನ ಹೆಸರು, ಎಲ್ಲ ಇದೆ. ಚಾವಣಿಯಲ್ಲಿ ಅಳಿದುಳಿದ ಬಣ್ಣ ಹಚ್ಚಿದವನ ಹೆಸರಿಲ್ಲ. ವಿಜಯಪುರದ ಹತ್ತಿರ ಕುಮಟಗಿಯ ಬೇಸಿಗೆ ಅರಮನೆಯ ಗೋಡೆಯ ಮೇಲೆ ಕುದುರೆ ಸವಾರರು, ಪೈಲವಾನರು ಮಾಸಿದರೂ ಕಾಣುತ್ತಾರೆ. ಅವರನ್ನು ಬರೆದವರು ಕಾಣುವುದಿಲ್ಲ. ಆದರೆ ಒಂದು ಕಡೆ ಸಹಿ ಸಿಕ್ಕಿತು. ವಿಜಯಪುರ ಔರಂಗಜೇಬನ ಕೈಗೆ ಹೋದದ್ದು 1686ರಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು, 1680ರ ಸುಮಾರಿಗೆ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಆದಿಲಶಾಹಿಯ ಸುಲ್ತಾನರನ್ನೆಲ್ಲ ಒಂದೇ ಹಾಳೆಯ ಮೇಲೆ ಸಾಲಾಗಿ ಕೂರಿಸಿದರು. ಮುಳುಗುವ ಮನೆತನದ ಫ್ಯಾಮಿಲಿ ಫೋಟೋ. ಇಬ್ಬರ ಹೆಸರೂ ಉಳಿದಿದೆ. ಚಿತ್ರ ಮಾತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಹೆಸರಿದ್ದರೆ ಚಿತ್ರ ಊರಿನಲ್ಲಿಲ್ಲ, ಚಿತ್ರ ಊರಿನಲ್ಲಿದ್ದರೆ ಹೆಸರಿಲ್ಲ.

ತಮ್ಮ ವಿರೋಧಿಗಳನ್ನೂ ಮರೆತಿಲ್ಲ. ನೆಲದ ಮೇಲೆ ಬೋರಲು ಮಲಗಿ ಕಮಲದೆಲೆಯ ಮೇಲೆ ಪತ್ರ ಬರೆಯುವ ಶಕುಂತಲೆಯನ್ನು ಬರೆದಿರಲ್ಲ, ಅದನ್ನು ಸಿಸ್ಟರ್ ನಿವೇದಿತಾ ಸಭ್ಯವಲ್ಲವೆಂದು ಜರೆದರು. ಆಕೆ ಬೆಂಬಲಿಸಿದ ಕಲ್ಕತ್ತೆಯ ಪಂಥದಲ್ಲಿ, ಅವನೀಂದ್ರನಾಥ ಠಾಕೂರರ ಕೈಯಲ್ಲಿ ಕಲಿತು ಬಂದವರು ನಮ್ಮ ಕೆ. ವೆಂಕಟಪ್ಪ. ಅವರ ಊಟಿಯ ಮಂಜನ್ನು ಯಾರೂ 'ರವಿವರ್ಮಾಂದು' ಎನ್ನುವುದಿಲ್ಲ. ದೇವರಿಲ್ಲದ ಚಿತ್ರಕ್ಕೆ ನಮ್ಮಲ್ಲಿ ಗಿರಾಕಿ ಕಡಿಮೆ. (ಶಕುಂತಲೆಯ ಪರ ನಾನಿದ್ದೇನೆ. ಖುರ್ಚಿಯ ಮೇಲೆ ನೆಟ್ಟಗೆ ಕೂತು ಬರೆದ ಪತ್ರ ಹೀಗೆ ಅರ್ಜಿಯಾಗುತ್ತದೆ.)

ತಮ್ಮ ಕಡೆಯ ವಕೀಲರು ಏನು ಹೇಳುತ್ತಾರೆಂದು ಗೊತ್ತು: ನಮ್ಮ ಕಕ್ಷಿದಾರರು ಯಾವುದನ್ನೂ ಕೇಳಿ ಪಡೆದಿಲ್ಲ, ಜನರೇ ಕೊಟ್ಟರು. ಒಪ್ಪಿದೆ. ಸರಕಾರವೂ 1979ರಲ್ಲಿ ತಮ್ಮ ಚಿತ್ರಗಳನ್ನು ದೇಶದ ಹೊರಗೆ ಒಯ್ಯಬಾರದ ಕಲಾಸಂಪತ್ತೆಂದು ಸಾರಿತು. 2023ರಲ್ಲಿ ತಮ್ಮ ಯಶೋದೆ ಕೃಷ್ಣ ಮುಂಬಯಿ ಹರಾಜಿನಲ್ಲಿ 38 ಕೋಟಿಗೆ ಹೋದರು. ಇಷ್ಟಿರುವಾಗ ಹಳದಣಕರರ ಒಂದು ದೀಪ ಬಿಟ್ಟುಕೊಟ್ಟರೆ ತಮಗೇನೂ ಕಡಿಮೆಯಾಗದು. ನಮ್ಮ ಜನಕ್ಕೆ ಮಾತ್ರ ಬಹಳ ತೊಂದರೆಯಾಗುತ್ತದೆ. ಒಂದು ಹೆಸರಿನಲ್ಲಿ ಮುಗಿಯುತ್ತಿದ್ದ ಕಲಾಜ್ಞಾನಕ್ಕೆ ಎರಡನೆಯ ಹೆಸರು ಕಲಿಯಬೇಕಾಗುತ್ತದೆ. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿ ಎಂಬ ಗುರುಗಳಿದ್ದರು, ಅವರ ಶಿಷ್ಯ ರವಿ ಪರಾಂಜಪೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿ ದೊಡ್ಡ ಹೆಸರು ಮಾಡಿದರು ಎಂದು ಒಮ್ಮೆ ಊರವರಿಗೆ ಹೇಳಿದೆ. "ರವಿ ಅಂದರ ರವಿವರ್ಮಾನ ಅಲ್ಲೇನ್ರಿ?" ಎಂದರು.

ಕೊನೆಯದಾಗಿ, ತುರ್ತು ಗಮನಕ್ಕೆ. ಬೋರ್ಡು ಬರೆಯುವ ಪೇಂಟರುಗಳು ನಮ್ಮಲ್ಲಿ ಮುಗಿದರು, ಫ್ಲೆಕ್ಸ್ ಬಂತು. ಅದಾದ ಮೇಲೆ ಈಗ ಮೊಬೈಲಿನ ಯಂತ್ರಬುದ್ಧಿ ಬಂದಿದೆ. ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ತನ್ನ ಫೋಟೋ ಅದರೊಳಗೆ ಹಾಕಿ, 'ರವಿವರ್ಮ ಶೈಲಿಯಲ್ಲಿ' ಎಂದು ಬರೆದು, ಲಗ್ನಪತ್ರಿಕೆಗೆ ಚಿತ್ರ ಮಾಡಿಸಿಕೊಂಡಿದ್ದಾನೆ. ಕಲ್ಲು ಬೇಡ, ತಮ್ಮನ ಗುಡ್ಡ ಬೇಡ, ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಹುಡುಗಿ ಹಂಸದ ಪಕ್ಕ ನಿಂತಿದ್ದಾಳೆ, ಕೊಳದಲ್ಲಿ ಕಮಲವಿದೆ, ಮದುಮಗ ಜರತಾರಿ ರುಮಾಲು ಸುತ್ತಿದ್ದಾನೆ, ಅವನ ಬಲಗೈಗೆ ಆರು ಬೆರಳಿವೆ. ಐನೂರು ಪ್ರತಿ ಅಚ್ಚಾಗಿ ಅಥಣಿ, ಜಮಖಂಡಿ, ಜತ್ತಿನವರೆಗೆ ಹಂಚಿಯೂ ಆಯಿತು. ಊರು ಅದನ್ನೂ ತಮ್ಮ ಉತಾರಕ್ಕೇ ಏರಿಸುತ್ತಿದೆ. ಆ ಆರನೆಯ ಬೆರಳಿನ ಬಗ್ಗೆ ತಮ್ಮ ಆಕ್ಷೇಪವೇನಾದರೂ ಇದ್ದರೆ ನೋಟಿಸಿನ ಮುದ್ದತ್ತಿನೊಳಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ತಮ್ಮ ಒಪ್ಪಿಗೆ ಇದೆಯೆಂದು ತಿಳಿದು ಮುಂದಿನ ಕ್ರಮ ಜರುಗಿಸಲಾಗುವುದು.

ತಮ್ಮ ವಿಶ್ವಾಸಿ,
ಐಗಳಿಯ ಒಬ್ಬ ತಕರಾರುದಾರ