ಔಷಧಿ ಅಂಗಡಿಯವರಿಗೆ, ರಣಹದ್ದಿನ ಪರವಾಗಿ ಒಂದು ಬಹಿರಂಗ ಪತ್ರ

ಊರೂರಿನ ಔಷಧಿ ಅಂಗಡಿಗಳ ಮಾಲೀಕರಿಗೆ,

ಕಾಡುಪ್ರಾಣಿ, ಹಕ್ಕಿಗಳ ಬಗ್ಗೆ ಅಹವಾಲು ಇರುವವರು ಅರಣ್ಯ ಸಚಿವರಿಗೆ ಪತ್ರ ಬರೆಯುವುದು ರೂಢಿ. ನಾನು ನಿಮಗೆ ಬರೆಯುತ್ತಿದ್ದೇನೆ. ರಣಹದ್ದಿನ ಅಳಿವು ಉಳಿವು ಕಾಡಿನಲ್ಲಿ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ ನಿಮ್ಮ ಅಂಗಡಿಯ ಕಪಾಟಿನಲ್ಲಿ ತೀರ್ಮಾನವಾಗುತ್ತದೆ.

ರಾಮನಗರದ ರಾಮದೇವರ ಬೆಟ್ಟವನ್ನು ನೀವು ‘ಶೋಲೆ’ ಚಿತ್ರದಲ್ಲಾದರೂ ನೋಡಿರುತ್ತೀರಿ. ಅಲ್ಲಿಯ ಬಂಡೆಗಳ ಸಂದಿನಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಿತು. ಬಂಡೆಗೆ ಕಾವಲು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಹಸಿದ ರಣಹದ್ದು ದಿನಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಧಾಮದ ಗಡಿ ಅದಕ್ಕೆ ಗೊತ್ತಿಲ್ಲ. ಯಾವುದೋ ಊರಾಚೆ ಬಿಸಾಡಿದ ಸತ್ತ ಎಮ್ಮೆಯ ಮೇಲೆ ಅದು ಇಳಿಯುತ್ತದೆ. ಆ ಎಮ್ಮೆಗೆ ಸಾಯುವ ಮುನ್ನ ಯಾವ ಸೂಜಿಮದ್ದು ಚುಚ್ಚಿದ್ದರು ಎಂಬುದು ಅರಣ್ಯ ರಕ್ಷಕನ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿದೆ.

1990ರ ದಶಕದ ಕೊನೆಯಲ್ಲಿ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ ರಣಹದ್ದುಗಳು ಕುತ್ತಿಗೆ ಜೋಲಿಸಿ ಕೂತು, ಮರದಡಿ ಸತ್ತು ಬೀಳುವುದನ್ನು ದಾಖಲಿಸಿದರು. ರೋಗವಿರಬಹುದೆಂದು ಮೊದಲು ಶಂಕಿಸಿದರು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ಕಾರಣವನ್ನು ಹೊರಗೆಳೆಯಿತು: ಡೈಕ್ಲೋಫೆನಾಕ್. ನೋವಿಗೆ, ಬಾವಿಗೆ, ಜ್ವರಕ್ಕೆ ದನಗಳಿಗೆ ಕೊಡುತ್ತಿದ್ದ ಅಗ್ಗದ ಮದ್ದು. ಅದರ ಅಂಶ ಉಳಿದಿರುವ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಯೂರಿಕ್ ಆಮ್ಲ ಹೊರಹೋಗದೆ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ.

1992ರಿಂದ 2007ರೊಳಗೆ ಭಾರತದ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ನೂರಕ್ಕೆ 99.9ರಷ್ಟು ಕುಸಿಯಿತು. ಸಾವಿರದಲ್ಲಿ ಒಂದು ಉಳಿಯಿತು. ಇಷ್ಟಾಗಲು ದೇಶದ ದನಗಳೆಲ್ಲ ಈ ಮದ್ದು ತೆಗೆದುಕೊಂಡಿರಬೇಕಿರಲಿಲ್ಲ. ಸತ್ತ ನೂರು ದನಗಳಲ್ಲಿ ಒಂದಕ್ಕಿಂತಲೂ ಕಡಿಮೆ ದನದಲ್ಲಿ ವಿಷವಿದ್ದರೂ ಈ ಕುಸಿತಕ್ಕೆ ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಹೆಣದ ಮೇಲೆ ಹತ್ತಾರು ರಣಹದ್ದು ಮುಗಿಬೀಳುತ್ತವಲ್ಲ, ಅದಕ್ಕೆ. ‘ನಾನೊಬ್ಬ ಒಂದು ಸೀಸೆ ಮಾರಿದರೆ ಏನಾದೀತು’ ಎಂದು ಯಾರಾದರೂ ಅಂದರೆ ಈ ಲೆಕ್ಕವನ್ನು ಅವರ ಮುಂದಿಡಿ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನು ಗೂಡು ಕಟ್ಟಲು ಹಲವು ವರ್ಷ ಬೇಕು. ಒಂದು ಮಧ್ಯಾಹ್ನದ ಊಟದಲ್ಲಿ ಹೋದದ್ದನ್ನು ತುಂಬಿಕೊಳ್ಳಲು ಒಂದು ತಲೆಮಾರು ಹಿಡಿಯುತ್ತದೆ.

2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. ಅದಕ್ಕೇ 2015ರಲ್ಲಿ ಮನುಷ್ಯರ ಸೂಜಿಮದ್ದು 3 ಮಿಲಿಲೀಟರಿನ, ಒಂದೇ ಸಲ ಬಳಸುವ ಸೀಸೆಯಲ್ಲಷ್ಟೇ ಇರಬೇಕೆಂದು ಆಜ್ಞೆಯಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ಪಶುಬಳಕೆಯಿಂದ ತೆಗೆದರು. ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಕಾನೂನು ತಡವಾಗಿ ಬಂದರೂ ಬಂತು. ಆದರೆ ಮದ್ದು ಕೊಡುವಾಗ ‘ಇದು ಯಾರಿಗೆ?’ ಎಂದು ಕೇಳಬಲ್ಲವರು ನೀವೊಬ್ಬರೇ.

ಇದು ಹಕ್ಕಿಯೊಂದರ ಸಂಗತಿಯಷ್ಟೇ ಅಲ್ಲ. ರಣಹದ್ದುಗಳ ಹಿಂಡು ಒಂದು ದನದ ಹೆಣವನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಮೂಳೆ ಮಾಡುತ್ತಿತ್ತು. ಅವು ಹೋದ ಮೇಲೆ ಹೆಣ ಕೊಳೆಯಿತು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿತು. ಅನಂತ್ ಸುದರ್ಶನ್ ಮತ್ತು ಎಯಾಲ್ ಫ್ರಾಂಕ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಹೀಗಿದೆ: ರಣಹದ್ದುಗಳಿಲ್ಲದ್ದರಿಂದ 2000ದಿಂದ 2005ರೊಳಗೆ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು. ನಾವು ಅಸಹ್ಯಪಟ್ಟು ಮುಖ ತಿರುಗಿಸುತ್ತಿದ್ದ ಹಕ್ಕಿ ನಮ್ಮ ಮಕ್ಕಳನ್ನು ಕಾಯುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ರೈತರ ಕಷ್ಟ ಬಲ್ಲೆ. ಕೆಚ್ಚಲು ಬಾವಿನಿಂದ ನರಳುವ ಹಸುವಿಗೆ ಮದ್ದು ಬೇಡವೆಂದು ಯಾರೂ ಹೇಳುತ್ತಿಲ್ಲ. ಮೆಲಾಕ್ಸಿಕಮ್ ಇದೆ. ರಣಹದ್ದುಗಳ ಮೇಲೆ ಪರೀಕ್ಷಿಸಿ ಸುರಕ್ಷಿತವೆಂದು ಕಂಡುಕೊಂಡ ಮದ್ದು ಅದು. ಹಸುವಿನ ನೋವೂ ಇಳಿಯುತ್ತದೆ, ಹಸು ಸತ್ತರೂ ಅದನ್ನು ತಿಂದ ಹಕ್ಕಿ ಬದುಕುತ್ತದೆ.

ನಾಳೆ ಯಾರಾದರೂ ಬಂದು ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಸೀಸೆಗಳನ್ನು ಒಟ್ಟಿಗೆ ಕೇಳಿದರೆ ದಯವಿಟ್ಟು ಕೊಡಬೇಡಿ. ಪಶುವೈದ್ಯರ ಬಳಿ ಕಳಿಸಿ, ಮೆಲಾಕ್ಸಿಕಮ್ ಬರೆಸಿಕೊಂಡು ಬರಲು ಹೇಳಿ. ಆ ಮದ್ದು ನಿಮ್ಮಲ್ಲಿ ಸದಾ ಸಿಗುವಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಊರಿನವರಲ್ಲೊಬ್ಬರು