ಒಲಿಂಪಿಯಾದೇವಿಯವರ ಪೂರ್ವೋತ್ತರ

ದ್ವಿತೀಯ ಮಹಾಸಮರವು ಮುಗಿದು ಐದಾರು ಸಂವತ್ಸರಗಳು ಸಂದಿದ್ದ ಕಾಲದಲ್ಲಿ, ಯುರೋಪಿನ ರೇವುಪಟ್ಟಣವೊಂದರ ಗೋದಾಮಿನಲ್ಲಿ, ಮೈಗೆ ಹೊಸ ಬಣ್ಣವನ್ನು ಬಳಿಸಿಕೊಂಡು ಹಡಗಿನ ದಾರಿಯನ್ನು ಕಾಯುತ್ತ ಕುಳಿತಿದ್ದ ವೃದ್ಧ ಬೆರಳಚ್ಚುಯಂತ್ರವೊಂದನ್ನು ಮನಸ್ಸಿನಲ್ಲಿಯೇ ಕಂಡು ಮಾತನಾಡಿಸಿದೆನು. ನಾಮಧೇಯ ಒಲಿಂಪಿಯಾ, ಜನ್ಮಸ್ಥಳ ಜರ್ಮನಿಯ ಎರ್‌ಫುರ್ಟ್ ನಗರ.

“ಯುದ್ಧಕಾಲದಲ್ಲಿ ತಮ್ಮ ಉದ್ಯೋಗವೇನಾಗಿತ್ತು?”

“ಹೇಳಿದ್ದನ್ನು ಬರೆಯುವುದು. ರೊಟ್ಟಿಯ ಲೆಕ್ಕವನ್ನೂ ಬಂದಿಗಳ ಪಟ್ಟಿಯನ್ನೂ ಒಂದೇ ರಿಬ್ಬನ್ನಿನಿಂದ, ಒಂದೇ ಶ್ರದ್ಧೆಯಿಂದ ಅಚ್ಚೊತ್ತಿದೆ. ರಾಜಕೀಯದ ಗಂಧವೂ ನನಗಿಲ್ಲ.”

“ಆ ಅಂಕಿಯ ಕೀಲಿಯ ತಲೆಯೇಕೆ ಸವೆದಿದೆ?”

ಆಕೆ ತುಸು ಹೊತ್ತು ಮಾತನಾಡಲಿಲ್ಲ. ಹಿಂದೆ ಎಸ್.ಎಸ್. ದಳದ ಜೋಡಿಮಿಂಚಿನ ಲಾಂಛನವು ಮೆರೆಯುತ್ತಿದ್ದ ಆ ಸ್ಥಳದಲ್ಲಿ ಈಗ ಅರದ ಗೀರುಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು.

“ವ್ಯಾಪಾರಕ್ಕೆ ಅಡ್ಡಿಯಾಗುತ್ತಿತ್ತು, ಉಜ್ಜಿಸಿದರು. ನಿಜವಾದ ತೊಡಕು ಜೆಡ್ ಮತ್ತು ವೈ ಅಕ್ಷರಗಳದು. ಜರ್ಮನ್ ಕೀಲಿಮಣೆಯಲ್ಲಿ ಅವುಗಳ ಸ್ಥಾನ ಅದಲುಬದಲು. ಇಂಗ್ಲಿಷರಿಗೆ ಮಾರಬೇಕಾದರೆ ಎರಡನ್ನೂ ಕಿತ್ತು ಕೂರಿಸಬೇಕು. ಲಾಂಛನಕ್ಕೆ ಅರ ಸಾಕು, ಇದಕ್ಕೆ ಕಸುಬುದಾರನೇ ಬೇಕು.”

“ತವರಿನ ಸಮಾಚಾರ?”

“1945ರ ಏಪ್ರಿಲಿನಲ್ಲಿ ಅಮೆರಿಕನ್ನರು ಬಂದರು, ಜುಲೈ ತಿಂಗಳಲ್ಲಿ ಊರನ್ನು ರಷ್ಯನ್ನರಿಗೆ ಒಪ್ಪಿಸಿ ಹೊರಟರು. ನಮ್ಮವರಲ್ಲಿ ಕೆಲವರು ಪಶ್ಚಿಮಕ್ಕೆ ಹೋಗಿ, ವಿಲ್‌ಹೆಲ್ಮ್ಸ್‌ಹಾಫನ್ ಎಂಬ ನೌಕಾಪಟ್ಟಣದ ಬಳಿ ಇನ್ನೊಬ್ಬ ಒಲಿಂಪಿಯಾಳನ್ನು ಹುಟ್ಟಿಸಿದರು. ಒಂದೇ ಹೆಸರಿನ ಇಬ್ಬರು ಒಂದೇ ಸಂತೆಯಲ್ಲಿ ನಿಂತರೆ ಏನಾದೀತು? ದಾಯಾದಿ ವ್ಯಾಜ್ಯ. ಹೆಸರು ಅವಳ ಪಾಲಿಗೆ ಹೋಯಿತು. ಹಳೆಯ ಮನೆ ನಮಗುಳಿಯಿತು. ಅಲ್ಲಿ ಹುಟ್ಟುವ ನನ್ನ ತಂಗಿಯರಿಗೆ ಈಗ ಆಪ್ಟಿಮಾ ಎಂದು ನಾಮಕರಣ. ಲ್ಯಾಟಿನ್ ಭಾಷೆಯಲ್ಲಿ ‘ಅತ್ಯುತ್ತಮಳು’ ಎಂದರ್ಥವಂತೆ. ಹೆಸರು ಕಳೆದುಕೊಂಡವರಿಗೆ ವಿಶೇಷಣವಾದರೂ ದಕ್ಕಿತಲ್ಲ!”

“ಗೆದ್ದವರ ಯಂತ್ರಗಳಾದರೂ ನಿಷ್ಕಳಂಕವೆನ್ನಬಹುದೆ?”

ಆಕೆಯ ಗಂಟೆ ತಾನಾಗಿಯೇ ‘ಠಿಣ್’ ಎಂದಿತು. “ರೆಮಿಂಗ್ಟನ್ ಎಂಬುದು ಮೂಲತಃ ಬಂದೂಕಿನ ಮನೆತನ, ಬೆರಳಚ್ಚುಯಂತ್ರಕ್ಕೆ ಕೈಯಿಟ್ಟದ್ದು 1873ರಲ್ಲಿ. ಆಮೇಲೆ ಯಂತ್ರದ ವ್ಯಾಪಾರ ಬೇರೆಯವರ ಕೈಸೇರಿತು, ಹೆಸರು ಮಾತ್ರ ಉಳಿಯಿತು. ಆ ಹೆಸರಿನ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆ ಈ ಯುದ್ಧದಲ್ಲಿ ಎಂಟು ಲಕ್ಷಕ್ಕೂ ಮಿಗಿಲಾಗಿ ಪಿಸ್ತೂಲುಗಳನ್ನು ಮಾಡಿತು. ಲೆಕ್ಕಯಂತ್ರಗಳ ಐ.ಬಿ.ಎಂ. ಸಂಸ್ಥೆಯೂ ಮೂರು ಲಕ್ಷಕ್ಕೆ ಮೀರಿ ಕಾರ್ಬೈನುಗಳನ್ನು ಮಾಡಿತು. ನಾನಾದರೋ ಕಾಗದಕ್ಕಷ್ಟೇ ಹೊಡೆದವಳು.”

(ಆ ಕಾಗದಗಳನ್ನು ಓದಿದವರು ಏನು ಮಾಡಿದರೆಂದು ಕೇಳಲು ಬಾಯಿ ತೆರೆದೆ, ಅತಿಥಿಮರ್ಯಾದೆ ಅಡ್ಡಬಂದಿತು.)

“ಈಗ ಪ್ರಯಾಣ ಎಲ್ಲಿಗೆ?”

“ಡಾಲರು ಎಲ್ಲಿದೆಯೋ ಅಲ್ಲಿಗೆ.”

ಅಷ್ಟರಲ್ಲಿ ಗೋದಾಮಿನ ಗುಮಾಸ್ತನು ಬಂದು, ತನ್ನ ಯಂತ್ರವು ಕೆಟ್ಟಿದೆಯೆಂದು ಗೊಣಗುತ್ತ, ರಫ್ತಿನ ನಮೂನೆಯನ್ನು ಈಕೆಯ ಉರುಳೆಗೇ ಸುತ್ತಿದನು. ‘ಸರಕಿನ ಸ್ಥಿತಿ’ ಎಂಬ ಅಂಕಣದೆದುರು ಅವನ ಬೆರಳು ಆಡಿದಂತೆಲ್ಲ ಆಕೆ, ಒಂದಕ್ಷರವೂ ತಪ್ಪದೆ, ‘ಹೊಚ್ಚಹೊಸದು’ ಎಂದು ಅಚ್ಚೊತ್ತಿದಳು.