ಸೌಟೂ ಗಲ್ಲಾಪೆಟ್ಟಿಗೆಯೂ

ನಾನು ತಿಂಡಿಗೆ ಹೋಗುವ ಹೋಟೆಲಿನ ಅಡುಗೆ ಭಟ್ಟರು ಇದ್ದಕ್ಕಿದ್ದಂತೆ ಪಾಲುದಾರರಾಗಿಬಿಟ್ಟರು. ಸಂಬಳದ ಬಾಕಿ ಬೆಳೆದು ಬೆಳೆದು, ಕೊನೆಗೆ ಮಾಲೀಕರು "ದುಡ್ಡಿಲ್ಲ ಭಟ್ರೇ, ಪಾಲು ತಗೊಳ್ಳಿ" ಅಂದರಂತೆ. ಮಾರನೇ ವಾರವೇ ಚಟ್ನಿ ನೀರಾಯಿತು. ಕೇಳಿದರೆ, "ತೆಂಗಿನಕಾಯಿ ರೇಟು ಗೊತ್ತೇನ್ರಿ ನಿಮಗೆ?" ಅಂದರು. ಇಷ್ಟು ವರ್ಷ ಅವರಿಗೂ ಗೊತ್ತಿರಲಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲೂ ಹೀಗೇ ಆಯಿತು. ಅಲ್ಲಿನ ಐಸ್ ಹಾಕಿ ತಂಡ ಪೆಂಗ್ವಿನ್ಸ್ 1998ರಲ್ಲಿ ದಿವಾಳಿ ಎದ್ದಾಗ, ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ತಾರೆ ಮಾರಿಯೋ ಲೆಮ್ಯೂಗೆ ಬರಬೇಕಿದ್ದ ಸಂಬಳವೇ 3 ಕೋಟಿ ಡಾಲರಿಗೂ ಮೇಲಿತ್ತು. ಅದರ ಬಹುಪಾಲನ್ನು ಬಂಡವಾಳವೆಂದು ತಿರುಗಿಸಿ, 1999ರಲ್ಲಿ ಆತ ತಂಡದ ಯಜಮಾನನೇ ಆದ. ಸಾಲದ್ದಕ್ಕೆ 2000ದ ಡಿಸೆಂಬರಿನಲ್ಲಿ ಮತ್ತೆ ಸ್ಕೇಟು ಕಟ್ಟಿಕೊಂಡು ಕಣಕ್ಕಿಳಿದ. ಆಟ ಶುರುವಾಗಿ 33 ಸೆಕೆಂಡಿಗೇ ಆತನ ನೆರವಿನಿಂದ ಯಾರೊಮಿರ್ ಯಾಗರ್ ಗೋಲು ಹೊಡೆದ. ಏಳು ತಿಂಗಳೂ ಕಳೆದಿರಲಿಲ್ಲ, ಯಾಗರ್‌ನನ್ನು ವಾಷಿಂಗ್ಟನ್ ತಂಡಕ್ಕೆ ಸಾಗಹಾಕಿದರು. ಅವನ ಸಂಬಳ ತೂಗಿಸುವುದು ಕಷ್ಟವಾಗಿತ್ತು. ಆಟಗಾರ ಲೆಮ್ಯೂ ಕೈ ಕುಲುಕಿದವನನ್ನು ಯಜಮಾನ ಲೆಮ್ಯೂ ಕಳಿಸಿಕೊಟ್ಟ. ಪಾಪ, ಒಬ್ಬರಿಗೊಬ್ಬರು ಮುಖ ಹೇಗೆ ನೋಡಿಕೊಂಡರೋ!

ಬಾಸ್ಕೆಟ್‌ಬಾಲಿನ ಎನ್‌ಬಿಎಯಲ್ಲಿ ಈ ತಾಪತ್ರಯವಿಲ್ಲ. ಮೈಕೆಲ್ ಜೋರ್ಡನ್ 2001ರಲ್ಲಿ ವಾಷಿಂಗ್ಟನ್ ವಿಝರ್ಡ್ಸ್‌ಗೆ ಆಡಬೇಕೆಂದಾಗ, ಅದೇ ತಂಡದಲ್ಲಿದ್ದ ತನ್ನ ಪಾಲನ್ನು ಬಿಟ್ಟುಕೊಡಬೇಕಾಯಿತು. ಒಳ್ಳೆಯ ನಿಯಮವೇ. ಆದರೂ ನನ್ನ ಒಲವು ಲೆಮ್ಯೂ ಕಡೆಗೆ. ಆತ ಮುಂದೆ ಬರದಿದ್ದರೆ ಆ ಊರಿಗೆ ತಂಡ ಉಳಿಯುತ್ತಿತ್ತೋ ಇಲ್ಲವೋ. ನಮ್ಮ ಗುಬ್ಬಿ ವೀರಣ್ಣನವರೂ ನಟರು, ಕಂಪನಿಯ ಮಾಲೀಕರೂ. ಬಣ್ಣ ಹಚ್ಚಿ ಜನರನ್ನು ನಗಿಸುವಾಗಲೇ ಹಿಂದಿನ ಖಾಲಿ ಬೆಂಚುಗಳು ಅವರ ಕಣ್ಣಿಗೆ ಬೀಳುತ್ತಿದ್ದವೇನೋ.

ರಜೆಯ ವಿಷಯ ಮಾತ್ರ ಜಟಿಲ. 2002ರಲ್ಲಿ ಲೆಮ್ಯೂಗೆ ಸೊಂಟದ ನೋವು. ತಂಡದ ಎಷ್ಟೋ ಆಟಗಳಿಗೆ ಗೈರು. ಒಲಿಂಪಿಕ್ಸ್‌ಗೆ ಮಾತ್ರ ಹೋದ, ಕೆನಡಾಕ್ಕೆ ಚಿನ್ನವನ್ನೂ ಗೆದ್ದುಕೊಟ್ಟ. ಬೇರೆ ಯಾವ ಯಜಮಾನನಾದರೂ ಆಟಗಾರನನ್ನು ಕರೆಸಿ ರೇಗುತ್ತಿದ್ದ. ಇಲ್ಲಿ ಕರೆಸುವವನೂ ಅವನೇ, ಬರಬೇಕಾದವನೂ ಅವನೇ.

ಮೊನ್ನೆ ಭಟ್ಟರ ಅಣ್ಣನ ಮಗನ ಮುಂಜಿ. ಮೊದಲಾಗಿದ್ದರೆ ಹೇಳದೆ ಕೇಳದೆ ನಾಲ್ಕು ದಿನ ನಾಪತ್ತೆಯಾಗುತ್ತಿದ್ದರು. ಈ ಸಲ ಮಧ್ಯಾಹ್ನ ಊಟ ಮುಗಿಸಿ, ಸಂಜೆ ನಾಲ್ಕಕ್ಕೆಲ್ಲ ಬಂದು ಬೋಂಡಾಕ್ಕೆ ಎಣ್ಣೆ ಇಟ್ಟರು. ಜುಟ್ಟಿನಲ್ಲಿ ಇನ್ನೂ ಮಂತ್ರಾಕ್ಷತೆ ಇತ್ತು.